ನೀರು ಬೇಡವೆಂದ ಕಾರು: ಸಿರಕ್ಯೂಸಿನ ಫ್ರ್ಯಾಂಕ್ಲಿನ್

1917ರ ಸುಮಾರಿನ ಒಂದು ಫ್ರ್ಯಾಂಕ್ಲಿನ್ ಟೂರಿಂಗ್ ಕಾರಿನ ಎದುರು ನಿಂತು ನೋಡಿದರೆ ಏನೋ ಒಂದು ಇಲ್ಲವಲ್ಲ ಎನ್ನಿಸುತ್ತದೆ. ಎರಡು ದೊಡ್ಡ ದೀಪಗಳಿವೆ, ಅಗಲವಾದ ಮಡ್‌ಗಾರ್ಡುಗಳಿವೆ, ನೆಟ್ಟಗೆ ನಿಂತ ಗಾಜಿದೆ. ಆದರೆ ದೀಪಗಳ ನಡುವೆ, ಆ ಕಾಲದ ಬಹುತೇಕ ಕಾರುಗಳಲ್ಲಿ ಜೇನುಗೂಡಿನಂತಹ ರೇಡಿಯೇಟರ್ ನಿಂತಿರುವ ಜಾಗದಲ್ಲಿ, ಬಾನೆಟ್ ಮುಂದಕ್ಕೆ ಇಳಿಜಾರಾಗಿ ಬಾಗಿ ಮುಗಿದುಹೋಗುತ್ತದೆ. ನೀರು ತುಂಬುವ ಮುಚ್ಚಳವಿಲ್ಲ. ಬಾನೆಟ್ ಎತ್ತಿದರೆ ರಬ್ಬರ್ ಕೊಳವೆಗಳಿಲ್ಲ, ನೀರಿನ ಪಂಪ್ ಇಲ್ಲ, ರೇಡಿಯೇಟರ್ ಅಂತೂ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಇದನ್ನು ತಯಾರಿಸಿದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದಲ್ಲಿದ್ದ ಎಚ್. ಎಚ್. ಫ್ರ್ಯಾಂಕ್ಲಿನ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ. 1902ರಿಂದ 1934ರವರೆಗೆ ಅದು ಸುಮಾರು ಒಂದೂವರೆ ಲಕ್ಷ ಕಾರುಗಳನ್ನು ಮಾಡಿತು. ಅವುಗಳಲ್ಲಿ ಒಂದರ ಎಂಜಿನ್ನಿಗೂ ಹನಿ ನೀರು ಬೇಕಿರಲಿಲ್ಲ. ಫೋರ್ಡ್, ಕ್ಯಾಡಿಲಾಕ್, ಷೆವ್ರೊಲೆ ಹೆಸರುಗಳು ಕಾರು ಓಡಿಸದವರಿಗೂ ಗೊತ್ತು. ಫ್ರ್ಯಾಂಕ್ಲಿನ್ ಎಂದರೆ ಅಮೆರಿಕದಲ್ಲೇ ಹೆಚ್ಚಿನವರು ಗಾಳಿಪಟ ಹಾರಿಸಿ ಮಿಂಚನ್ನು ಪರೀಕ್ಷಿಸಿದ ಬೆಂಜಮಿನ್ ಫ್ರ್ಯಾಂಕ್ಲಿನ್‌ನನ್ನು ನೆನೆಯುತ್ತಾರೆ.

ಈ ಕಂಪನಿಯ ಪ್ರಸ್ತಾಪ ಬಂದಾಗ ‘ಗಾಳಿಯಿಂದ ತಣ್ಣಗಾಗುವ ಎಂಜಿನ್ನಿನ ಕಾರು ಮಾಡುತ್ತಿದ್ದವರು’ ಎಂದು ಒಂದೇ ಸಾಲಿನಲ್ಲಿ ಮಾತು ಮುಗಿಯುತ್ತದೆ. ನನ್ನ ದೃಷ್ಟಿಯಲ್ಲಿ ಅದು ಅರ್ಧ ಮಾತು. ನೀರು ಬೇಡ ಎಂಬ ಒಂದು ತೀರ್ಮಾನ ಎಂಜಿನ್ನಿನಲ್ಲೇ ನಿಲ್ಲಲಿಲ್ಲ. ಅದು ಚಾಸಿಗೆ ಇಳಿಯಿತು, ಸ್ಪ್ರಿಂಗುಗಳಿಗೆ ಇಳಿಯಿತು, ಟಯರುಗಳಿಗೆ ಇಳಿಯಿತು. ಕೊನೆಗೆ ಕಾರಿನ ಮುಖದ ವಿಚಾರಕ್ಕೆ ಬಂದಾಗ ಇಡೀ ಕಂಪನಿಯನ್ನೇ ಎರಡಾಗಿ ಸೀಳಿತು. ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಎಂಜಿನ್ ಬಿಸಿಯನ್ನು ಏನು ಮಾಡುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಪೆಟ್ರೋಲ್ ಎಂಜಿನ್ ಮೂಲತಃ ಒಂದು ಒಲೆ. ಸಿಲಿಂಡರಿನೊಳಗೆ ಉರಿಯುವ ಅನಿಲದ ಶಾಖ ಪ್ರತಿ ಸ್ಫೋಟದಲ್ಲೂ ಕ್ಷಣಮಾತ್ರಕ್ಕೆ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸಿಲಿಂಡರ್ ಮಾಡುವ ಎರಕದ ಕಬ್ಬಿಣ 1,200 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಅಲ್ಯೂಮಿನಿಯಂ 660ಕ್ಕೇ ಕರಗುತ್ತದೆ. ಪಿಸ್ಟನ್ ಮತ್ತು ಗೋಡೆಯ ನಡುವಿನ ಎಣ್ಣೆಯ ಪದರ ಅದಕ್ಕಿಂತ ಎಷ್ಟೋ ಮೊದಲೇ ಸುಟ್ಟು ಕರಿ ಕಟ್ಟುತ್ತದೆ. ಉರಿದ ಇಂಧನದ ಶಕ್ತಿಯಲ್ಲಿ ಗಾಲಿ ತಿರುಗಿಸಲು ದಕ್ಕುವುದು ಸಣ್ಣ ಪಾಲು. ದೊಡ್ಡದೊಂದು ಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಇನ್ನೂ ಒಂದು ಪಾಲು, ಸರಿಸುಮಾರು ಮೂರನೆಯ ಒಂದು ಭಾಗ, ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಈ ಕೊನೆಯ ಪಾಲನ್ನು ನಿಮಿಷ ನಿಮಿಷಕ್ಕೂ ಹೊರಗೆ ಸಾಗಿಸದಿದ್ದರೆ ಪಿಸ್ಟನ್ ಹಿಗ್ಗಿ ಗೋಡೆಗೆ ಕಚ್ಚಿಕೊಂಡು ಎಂಜಿನ್ ನಿಂತೇ ಹೋಗುತ್ತದೆ.

ಹೊರಸಾಗಿಸುವ ಕೆಲಸಕ್ಕೆ ನೀರಿನಷ್ಟು ಸಮರ್ಥವಾದದ್ದು ಸುಲಭದಲ್ಲಿ ಸಿಗುವುದಿಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖದಿಂದ ಸುಮಾರು 3,500 ಲೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಬಹುದು. ಒಂದು ಕೊಡ ನೀರು ಹೀರಿಕೊಳ್ಳುವಷ್ಟು ಶಾಖವನ್ನು ಹೀರಲು ಒಂದು ಕೋಣೆಯ ತುಂಬ ಗಾಳಿ ಬೇಕು. ಹಾಗಾಗಿ ಆರಂಭದ ಎಂಜಿನಿಯರುಗಳಲ್ಲಿ ಹೆಚ್ಚಿನವರು ಸಿಲಿಂಡರಿನ ಸುತ್ತ ಇನ್ನೊಂದು ಗೋಡೆ ಕಟ್ಟಿ, ನಡುವೆ ನೀರು ಹರಿಸಿದ್ದು ಸಹಜವೇ ಆಗಿತ್ತು.

ಆದರೆ ಆ ನೀರು ತಾನು ಹೀರಿದ ಶಾಖವನ್ನು ಕೊನೆಗೆ ಯಾರಿಗೆ ಕೊಡುತ್ತದೆ? ಗಾಳಿಗೇ. ರೇಡಿಯೇಟರಿನ ಕೆಲಸವೆಂದರೆ ನೀರಿನ ಬಿಸಿಯನ್ನು ಗಾಳಿಗೆ ದಾಟಿಸುವುದು. ಅಂದಮೇಲೆ ನೆಲದ ಮೇಲೆ ಓಡುವ ಕಾರುಗಳೆಲ್ಲವೂ ಅಂತಿಮವಾಗಿ ಗಾಳಿಯಿಂದಲೇ ತಣ್ಣಗಾಗುತ್ತವೆ. ನೀರು ನಡುವಿನ ದಳ್ಳಾಳಿ. ದಳ್ಳಾಳಿಯನ್ನು ಸಾಕುವ ಖರ್ಚು ಕಡಿಮೆಯದಲ್ಲ: ರೇಡಿಯೇಟರ್, ಪಂಪ್, ಕೊಳವೆಗಳು, ಅವುಗಳ ಬಿಗಿಪಟ್ಟಿಗಳು, ಎರಡು ಗೋಡೆಯ ಸಿಲಿಂಡರ್, ಜೊತೆಗೆ ನೀರಿನದೇ ತೂಕ. ಇನ್ನೊಂದು ಸೂಕ್ಷ್ಮವೂ ಇದೆ. ತೆರೆದ ರೇಡಿಯೇಟರಿನ ನೀರು 100 ಡಿಗ್ರಿಗೆ ಕುದಿಯುತ್ತದೆ, ಅದಕ್ಕಿಂತ ಬಿಸಿಯಾಗಲಾರದು. ಲೋಹದ ಮೈ ಹಾಗಲ್ಲ, 200 ಡಿಗ್ರಿಯಲ್ಲೂ ನಿಶ್ಚಿಂತೆಯಿಂದ ಕೆಲಸ ಮಾಡಬಲ್ಲದು. ಹೊರಗಿನ ಗಾಳಿ 40 ಡಿಗ್ರಿ ಇದೆ ಎಂದುಕೊಳ್ಳಿ. ನೀರಿಗೂ ಗಾಳಿಗೂ 60 ಡಿಗ್ರಿ ಅಂತರ, ಲೋಹಕ್ಕೂ ಗಾಳಿಗೂ 160. ಅಂತರ ಹೆಚ್ಚಿದಷ್ಟೂ ಶಾಖ ಬೇಗ ಬಿಟ್ಟುಹೋಗುತ್ತದೆ. ಲೋಹದ ಮೇಲ್ಮೈಯನ್ನು ಹಿಗ್ಗಿಸಿ, ಅದಕ್ಕೆ ಸಾಕಷ್ಟು ಗಾಳಿಯನ್ನು ಎಡೆಬಿಡದೆ ತಾಗಿಸಿದರೆ ದಳ್ಳಾಳಿಯ ಅಗತ್ಯವೇ ಇಲ್ಲ.

ಮೇಲ್ಮೈ ಹಿಗ್ಗಿಸುವುದು ಹೇಗೆಂದು ನಮ್ಮಲ್ಲಿ ಮೋಟರ್‌ಸೈಕಲ್ ನೋಡಿದವರಿಗೆಲ್ಲ ಗೊತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳ ಸಿಲಿಂಡರಿನ ಸುತ್ತ ಒಂದರ ಮೇಲೊಂದು ಜೋಡಿಸಿದ ತೆಳು ರೆಕ್ಕೆಗಳು ಇರುವುದು ಇದಕ್ಕಾಗಿಯೇ. ಆದರೆ ಮೋಟರ್‌ಸೈಕಲ್ಲಿನ ಎಂಜಿನ್ ಗಾಳಿಗೆ ಮೈಯೊಡ್ಡಿ ನಿಂತಿರುತ್ತದೆ. ಕಾರಿನಲ್ಲಿ ನಾಲ್ಕೋ ಆರೋ ಸಿಲಿಂಡರುಗಳು ಸಾಲಾಗಿ ಒಂದು ಮುಚ್ಚಿದ ಪೆಟ್ಟಿಗೆಯೊಳಗೆ ನಿಂತಿರುತ್ತವೆ. ಮುಂದಿನಿಂದ ಫ್ಯಾನ್ ಬೀಸಿದರೆ ಮೊದಲ ಸಿಲಿಂಡರಿಗೆ ತಂಪು ಗಾಳಿ, ಎರಡನೆಯದಕ್ಕೆ ಮೊದಲನೆಯದು ಕಾಯಿಸಿ ಬಿಟ್ಟ ಗಾಳಿ, ಆರನೆಯದಕ್ಕೆ ಒಲೆಯ ಮೇಲಿನ ಗಾಳಿ. ಈ ತೊಡಕನ್ನು ಬಿಡಿಸುವುದರಲ್ಲೇ ಅನೇಕರು ಸೋತರು. ಮ್ಯಾಸಚೂಸೆಟ್ಸ್‌ನ ನಾಕ್ಸ್ ಕಂಪನಿ ರೆಕ್ಕೆಗಳ ಬದಲು ಸಿಲಿಂಡರಿಗೆ ಮೊಳೆಗಳಂತಹ ಕಡ್ಡಿಗಳನ್ನು ತಿರುಪಿ ಕೂರಿಸಿತು. ಜನ ಆ ಕಾರನ್ನು ‘ಮುದಿ ಮುಳ್ಳುಹಂದಿ’ ಎಂದು ಕರೆದರು. ಕೆಲವೇ ವರ್ಷಗಳಲ್ಲಿ ನಾಕ್ಸ್ ಕೂಡ ನೀರಿಗೆ ಶರಣಾಯಿತು.

ಫ್ರ್ಯಾಂಕ್ಲಿನ್ ಶರಣಾಗದೆ ಉಳಿದದ್ದರ ಹಿಂದೆ ಇಬ್ಬರಿದ್ದಾರೆ. ಹರ್ಬರ್ಟ್ ಫ್ರ್ಯಾಂಕ್ಲಿನ್ ಎಂಜಿನಿಯರ್ ಅಲ್ಲ, ಸಣ್ಣ ಊರಿನಲ್ಲಿ ಪತ್ರಿಕೆ ನಡೆಸುತ್ತಿದ್ದವರು. 1893ರಲ್ಲಿ ಅವರು ಸಿರಕ್ಯೂಸಿಗೆ ಬಂದು, ಕರಗಿದ ಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸಿ ಬಿಡಿಭಾಗಗಳನ್ನು ಎರಕ ಹೊಯ್ಯುವ ವ್ಯಾಪಾರಕ್ಕೆ ಇಳಿದರು. ಇಂದು ಜಗತ್ತಿನ ಎಲ್ಲ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ‘ಡೈ ಕಾಸ್ಟಿಂಗ್’ ಎಂಬ ಪದವನ್ನು ಕೊಟ್ಟದ್ದು ಅವರೇ ಎಂಬ ಖ್ಯಾತಿಯಿದೆ. ಇನ್ನೊಬ್ಬರು ಜಾನ್ ವಿಲ್ಕಿನ್‌ಸನ್. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಲಿತ ಎಂಜಿನಿಯರ್, ಸೈಕಲ್ ಓಟಗಾರ. ಸಿರಕ್ಯೂಸ್ ಎಂಬ ಹೆಸರನ್ನು ಆ ಊರಿಗೆ ಇಟ್ಟದ್ದು ಅವರ ತಾತ. ಸೈಕಲ್ ಓಟಗಾರನಿಗೆ ತೂಕ ಎಂದರೇನು ಎಂಬುದು ಕಾಲಿನ ಸ್ನಾಯುಗಳಿಗೇ ಗೊತ್ತಿರುತ್ತದೆ. ವಿಲ್ಕಿನ್‌ಸನ್ ಜೀವನಪೂರ್ತಿ ತೂಕವನ್ನು ಶತ್ರುವೆಂದು ಕಂಡದ್ದಕ್ಕೆ ಮೂಲ ಇಲ್ಲೇ ಇರಬೇಕೆಂದು ನನಗೆ ಅನ್ನಿಸುತ್ತದೆ.

ವಿಲ್ಕಿನ್‌ಸನ್ ಮೊದಲು ಬೇರೊಂದು ಕಂಪನಿಗಾಗಿ ಗಾಳಿಯಿಂದ ತಂಪಾಗುವ ಎಂಜಿನ್ನಿನ ಕಾರನ್ನು ಮಾಡಿದ್ದರು, ಅಲ್ಲಿ ಅವರಿಗೆ ಬರಬೇಕಾದ ಹಣ ಬರಲಿಲ್ಲ. ಊರಿನ ಪ್ರಸಿದ್ಧ ಸಂಶೋಧಕ ಅಲೆಕ್ಸಾಂಡರ್ ಬ್ರೌನ್ ಈ ಇಬ್ಬರನ್ನು ಭೇಟಿ ಮಾಡಿಸಿದರು. 1902ರಲ್ಲಿ ಮೊದಲ ಫ್ರ್ಯಾಂಕ್ಲಿನ್ ಮಾರಾಟವಾಯಿತು. ಅಮೆರಿಕದ ಹೆಚ್ಚಿನ ಕಾರುಗಳು ಒಂದೇ ಸಿಲಿಂಡರಿನಿಂದ ಗುಡುಗುತ್ತಿದ್ದ ಆ ಕಾಲದಲ್ಲಿ ಅದಕ್ಕೆ ನಾಲ್ಕು ಸಿಲಿಂಡರುಗಳಿದ್ದವು, ವಾಲ್ವುಗಳು ಸಿಲಿಂಡರಿನ ತಲೆಯ ಮೇಲಿದ್ದವು, ಎಂಜಿನ್ ಅಡ್ಡಲಾಗಿ ಕೂತಿತ್ತು. ಇವತ್ತು ನಮ್ಮ ರಸ್ತೆಗಳ ಮೇಲಿರುವ ಅನೇಕ ಸಣ್ಣ ಕಾರುಗಳ ಬಾನೆಟ್ ಎತ್ತಿ ನೋಡಿ, ಈ ಮೂರೂ ಗುಣಗಳು ಹಾಗೆಯೇ ಸಿಗುತ್ತವೆ.

ಸಿರಕ್ಯೂಸಿನಲ್ಲಿ ಹುಟ್ಟಿದ ಕಾರು ನೀರನ್ನು ದ್ವೇಷಿಸಿದ್ದು ಅರ್ಥವಾಗುವ ಸಂಗತಿ. ಅಲ್ಲಿ ವರ್ಷಕ್ಕೆ ಸರಾಸರಿ 100 ಇಂಚಿಗೂ ಮೀರಿ ಹಿಮ ಬೀಳುತ್ತದೆ. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಕಾರನ್ನು ಒಂದು ರಾತ್ರಿ ಹೊರಗೆ ನಿಲ್ಲಿಸಿದರೆ ಸಿಲಿಂಡರಿನ ಗೋಡೆಯೇ ಬಿರುಕು ಬಿಡಬಹುದಿತ್ತು. ಇಂದಿನ ಹೆಪ್ಪುಗಟ್ಟದ ಕೂಲೆಂಟ್ ಆಗ ಇರಲಿಲ್ಲ. ಎಥಿಲೀನ್ ಗ್ಲೈಕಾಲ್ ಆಧಾರಿತ ದ್ರಾವಣ ಅಮೆರಿಕದ ಮಾರುಕಟ್ಟೆಗೆ ಬಂದದ್ದೇ 1920ರ ದಶಕದ ಕೊನೆಯಲ್ಲಿ. ಅಲ್ಲಿಯವರೆಗೆ ಜನ ನೀರಿಗೆ ಮದ್ಯಸಾರ ಬೆರೆಸುತ್ತಿದ್ದರು, ಅದು ಬಿಸಿಗೆ ಆವಿಯಾಗಿ ಹೋಗುತ್ತಿತ್ತು. ಇಲ್ಲವೇ ರಾತ್ರಿ ಎಲ್ಲ ನೀರನ್ನು ಬಸಿದು ಬೆಳಿಗ್ಗೆ ಮತ್ತೆ ತುಂಬುತ್ತಿದ್ದರು. ಅದೂ ಬೇಡವೆಂದರೆ ಚಳಿಗಾಲ ಮುಗಿಯುವವರೆಗೆ ಕಾರನ್ನು ಕಟ್ಟಿಗೆಯ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸುತ್ತಿದ್ದರು. ಮಧ್ಯರಾತ್ರಿ ರೋಗಿಯ ಮನೆಗೆ ಓಡಬೇಕಾದ ವೈದ್ಯರಿಗೆ ಇದಾವುದೂ ಆಗುವ ಮಾತಲ್ಲ. ವೈದ್ಯರು ಫ್ರ್ಯಾಂಕ್ಲಿನ್ನನ್ನು ಮೆಚ್ಚಿ ಕೊಂಡದ್ದು ಈ ಕಾರಣಕ್ಕೆ.

ಈಗ ಟೂರಿಂಗ್ ಕಾರಿಗೆ ಬರೋಣ. ಈ ಹೆಸರು ಕೇಳಿದರೆ ಪ್ರವಾಸಕ್ಕೆಂದೇ ಮಾಡಿದ ಐಷಾರಾಮಿ ವಾಹನ ಎನ್ನಿಸಬಹುದು. ಆ ಕಾಲದಲ್ಲಿ ಅದು ಸಂಸಾರಸ್ಥರ ಸಾಮಾನ್ಯ ಕಾರು. ಎರಡು ಸಾಲು ಆಸನ, ಐದೋ ಏಳೋ ಜನರಿಗೆ ಜಾಗ, ಮಡಚಿಡುವ ಬಟ್ಟೆಯ ಮಾಡು, ಪಕ್ಕಕ್ಕೆ ಗಾಜಿನ ಕಿಟಕಿಯಿಲ್ಲ, ಮಳೆ ಬಂದರೆ ಗುಂಡಿ ಹಾಕಿ ಬಿಗಿಯುವ ಪರದೆ. 1919ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಗಟ್ಟಿ ಮಾಡಿನ ಮುಚ್ಚಿದ ಕಾರುಗಳು ಹತ್ತರಲ್ಲಿ ಒಂದರಷ್ಟು ಮಾತ್ರ. ಎಂಟೇ ವರ್ಷಗಳಲ್ಲಿ ಆ ಲೆಕ್ಕ ತಲೆಕೆಳಗಾಗಿ ಟೂರಿಂಗ್ ಕಾರು ಎಂಬ ಜಾತಿಯೇ ಅಳಿವಿನ ಅಂಚಿಗೆ ಬಂತು. ಫ್ರ್ಯಾಂಕ್ಲಿನ್ ಮರೆತುಹೋದದ್ದರ ಜೊತೆಗೆ ಅದರ ಅತ್ಯುತ್ತಮ ಕಾರಿನ ಮಾದರಿಯೂ ಮರೆತುಹೋಯಿತು.

ಅತ್ಯುತ್ತಮ ಎಂದು ನಾನು ಹೇಳುತ್ತಿರುವುದು 1916ರಿಂದ ಸುಮಾರು ಐದು ವರ್ಷ ನಡೆದ ‘ಸೀರೀಸ್ 9’ ಮಾದರಿಯನ್ನು. ಆರು ಸಿಲಿಂಡರು, ಸುಮಾರು 3.3 ಲೀಟರಿನ ಎಂಜಿನ್. ಹಿಂದಿನ ಸಿಲಿಂಡರಿಗೆ ಬಿಸಿ ಗಾಳಿ ಎಂಬ ಆ ಹಳೆಯ ತೊಡಕನ್ನು ವಿಲ್ಕಿನ್‌ಸನ್ ಇದರಲ್ಲಿ ಬಿಡಿಸಿದ ರೀತಿ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅವರು ಗಾಳಿಯನ್ನು ಬೀಸಲಿಲ್ಲ, ಹೀರಿದರು. ಅದೂ ಮುಂದಿನಿಂದ ಹಿಂದಕ್ಕಲ್ಲ, ಮೇಲಿನಿಂದ ಕೆಳಕ್ಕೆ.

ಎಂಜಿನ್ನಿನ ಹಿಂತುದಿಯಲ್ಲಿ ಹೇಗಿದ್ದರೂ ಒಂದು ಭಾರದ ಚಕ್ರ ಇರಲೇಬೇಕು. ಅದು ಫ್ಲೈವೀಲ್, ಸ್ಫೋಟಗಳ ನಡುವಿನ ತಡವರಿಕೆಯನ್ನು ಸಮ ಮಾಡುವ ಚಕ್ರ. ವಿಲ್ಕಿನ್‌ಸನ್ ಆ ಚಕ್ರದ ಅಂಚಿನಲ್ಲೇ ಬಾಗಿದ ಅಲಗುಗಳನ್ನು ಮಾಡಿ ಅದನ್ನೇ ಗಾಳಿ ಹೀರುವ ಫ್ಯಾನ್ ಆಗಿಸಿದರು. ಬೇರೆ ಫ್ಯಾನ್ ಬೇಕಾಗಲಿಲ್ಲ, ಅದನ್ನು ತಿರುಗಿಸುವ ಬೆಲ್ಟೂ ಬೇಕಾಗಲಿಲ್ಲ. ಸಿಲಿಂಡರುಗಳನ್ನು ಒಂದೇ ದಿಮ್ಮಿಯಾಗಿ ಎರಕ ಹೊಯ್ಯದೆ ಒಂದೊಂದನ್ನೂ ಪ್ರತ್ಯೇಕವಾಗಿ ಹೊಯ್ದು, ಉದ್ದುದ್ದಕ್ಕೆ ಉಕ್ಕಿನ ತೆಳುಪಟ್ಟಿಗಳನ್ನು ರೆಕ್ಕೆಗಳಾಗಿ ಎರಕದೊಳಗೇ ಕೂರಿಸಿದರು. ರೆಕ್ಕೆಗಳ ಸುತ್ತ ತಗಡಿನ ಹೊದಿಕೆ. ಎಂಜಿನ್ನಿನ ಕೆಳಗಿನ ಜಾಗವನ್ನು ಪೂರ್ತಿ ಮುಚ್ಚಿದ್ದರಿಂದ ಫ್ಲೈವೀಲ್ ಗಾಳಿ ಹೀರತೊಡಗಿದಾಗ ಆ ಗಾಳಿ ಬರಲು ಇದ್ದ ದಾರಿ ಒಂದೇ: ಬಾನೆಟ್ಟಿನಿಂದ ಒಳಬಂದು, ಆರೂ ಸಿಲಿಂಡರುಗಳ ನೆತ್ತಿಯಿಂದ ರೆಕ್ಕೆಗಳ ಸಂದಿಯಲ್ಲಿ ಕೆಳಕ್ಕಿಳಿದು, ಹಿಂದಿನಿಂದ ಹೊರಬೀಳುವುದು. ಆರು ಮಕ್ಕಳಿಗೆ ಆರು ಲೋಟ ಇಟ್ಟ ಹಾಗೆ. ಯಾರದೂ ಯಾರಿಗೂ ಎಂಜಲಲ್ಲ. ಅತಿ ಹೆಚ್ಚು ಕಾಯುವ ಜಾಗವಾದ ಸಿಲಿಂಡರಿನ ತಲೆಗೆ ಅತಿ ತಂಪಾದ ಗಾಳಿ ಮೊದಲು ತಾಗುತ್ತಿತ್ತು ಎಂಬುದನ್ನೂ ಗಮನಿಸಬೇಕು. ಎಂಜಿನ್ ಜೋರಾಗಿ ತಿರುಗಿದಷ್ಟೂ ಬಿಸಿ ಹೆಚ್ಚು, ಅದೇ ಲೆಕ್ಕದಲ್ಲಿ ಗಾಳಿಯೂ ಹೆಚ್ಚು. ಕಾರು ನಿಂತಿದ್ದರೂ ಎಂಜಿನ್ ಓಡುತ್ತಿದ್ದರೆ ಸಾಕು, ಗಾಳಿ ಹರಿಯುತ್ತಲೇ ಇರುತ್ತಿತ್ತು.

ಪಿಸ್ಟನ್ನುಗಳನ್ನೂ ಬಿಡಲಿಲ್ಲ. 1915ರ ವೇಳೆಗೆ ಫ್ರ್ಯಾಂಕ್ಲಿನ್ ಎಲ್ಲ ಕಾರುಗಳಿಗೂ ಅಲ್ಯೂಮಿನಿಯಂ ಪಿಸ್ಟನ್ ಹಾಕತೊಡಗಿತ್ತು, ಅಮೆರಿಕದಲ್ಲಿ ಹೀಗೆ ಮಾಡಿದವರಲ್ಲಿ ಅದೇ ಮೊದಲ ಸಾಲಿನದು. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಮೂರು ಪಟ್ಟು ಬೇಗ ಶಾಖವನ್ನು ದಾಟಿಸುತ್ತದೆ, ಹಗುರವೂ ಹೌದು. ಅದಕ್ಕೂ ಹತ್ತು ವರ್ಷ ಹಿಂದಿನ ಎಂಜಿನ್ನುಗಳಲ್ಲಿ ಸಿಲಿಂಡರಿನ ಬುಡದಲ್ಲಿ ಹೊಗೆಗೆ ಇನ್ನೊಂದು ಕಿಂಡಿ ಇಟ್ಟಿದ್ದರು. ಪಿಸ್ಟನ್ ಕೆಳಗಿಳಿಯುತ್ತಿದ್ದಂತೆ ಸುಡುವ ಹೊಗೆಯಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಹೊರಗೆ ಹೋಗುತ್ತಿತ್ತು. ಒಳಗೆ ಸೇರಿದ ಬಿಸಿಯನ್ನು ಹೊರಹಾಕುವುದಕ್ಕಿಂತ ಅದು ಗೋಡೆಗೆ ಅಂಟದಂತೆ ನೋಡಿಕೊಳ್ಳುವುದು ಮೇಲು ಎಂಬ ಯೋಚನೆ ಅದು.

ನೀರಿನ ಸಾಮಗ್ರಿ ಹೋದದ್ದರಿಂದ ಕಾರಿನ ಮುಂಭಾಗ ಹಗುರವಾಯಿತು. ಇಲ್ಲಿಂದ ಮುಂದೆ ಒಂದು ಸರಪಳಿ ಶುರುವಾಗುತ್ತದೆ. ಎಂಜಿನ್ ಹಗುರವಾದರೆ ಅದನ್ನು ಹೊರುವ ಚಾಸಿಯೂ ಹಗುರವಾಗಿರಬಹುದು. ಫ್ರ್ಯಾಂಕ್ಲಿನ್ ಉಕ್ಕಿನ ಬದಲು ಆ್ಯಶ್ ಮರದ ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ ಚಾಸಿಯ ಉದ್ದದ ತೊಲೆಗಳನ್ನು ಮಾಡಿತು. ಮರದ ಚಾಸಿ ಎಂದರೆ ಹಳೆಯ ಕಾಲದ ಗಾಡಿಯ ಪಳೆಯುಳಿಕೆ ಎಂದುಕೊಳ್ಳಬಾರದು, ಇದು ಲೆಕ್ಕ ಹಾಕಿ ತೆಗೆದುಕೊಂಡ ತೀರ್ಮಾನ. ಅದೇ ತೂಕದ ಉಕ್ಕಿಗಿಂತ ಒಳ್ಳೆಯ ಆ್ಯಶ್ ಮರ ರಸ್ತೆಯ ಕುಲುಕಾಟವನ್ನು ಹೆಚ್ಚು ಚೆನ್ನಾಗಿ ನುಂಗುತ್ತದೆ. ಸ್ವಲ್ಪ ಬಳುಕುತ್ತದೆ, ಮತ್ತೆ ನೆಟ್ಟಗಾಗುತ್ತದೆ. ನೀರಿನ ಕಾರಿನಲ್ಲಿ ಚಾಸಿ ಬಳುಕಿದರೆ ಬೆಸುಗೆ ಹಾಕಿದ ರೇಡಿಯೇಟರ್ ಸೋರತೊಡಗುತ್ತದೆ. ಇಲ್ಲಿ ಸೋರುವುದಕ್ಕೆ ಏನೂ ಇರಲಿಲ್ಲ.

ಚಾಸಿಯ ಕೆಳಗಿದ್ದದ್ದು ಪೂರ್ಣ ಅಂಡಾಕಾರದ ಸ್ಪ್ರಿಂಗುಗಳು. ಲಾರಿಯ ಹಿಂಬದಿಯಲ್ಲಿ ಕಾಣುವ ಬಿಲ್ಲಿನಂತಹ ಪಟ್ಟಿಗಳ ಕಟ್ಟನ್ನು ನೆನಪಿಸಿಕೊಳ್ಳಿ. ಅಂತಹ ಎರಡು ಬಿಲ್ಲುಗಳನ್ನು ಎದುರುಬದುರಾಗಿ ತುದಿಗೆ ತುದಿ ಸೇರಿಸಿದರೆ ಮೊಟ್ಟೆಯಾಕಾರದ ಸ್ಪ್ರಿಂಗ್ ಆಗುತ್ತದೆ. ಒಂದೇ ಬಿಲ್ಲಿಗಿಂತ ಇದು ಎರಡು ಪಟ್ಟು ಒತ್ತಿಕೊಳ್ಳಬಲ್ಲದು, ಆದ್ದರಿಂದ ಮೆತ್ತಗಿರುತ್ತದೆ. ಭಾರದ ಕಾರಿಗೆ ಇಷ್ಟು ಮೆತ್ತನೆಯ ಸ್ಪ್ರಿಂಗ್ ಹಾಕಿದರೆ ಹಡಗಿನಂತೆ ಓಲಾಡಿಬಿಡುತ್ತದೆ, ಹಗುರ ಕಾರಿಗೆ ಅದೇ ವರವಾಯಿತು. ಮೈಯನ್ನು ಅಲ್ಯೂಮಿನಿಯಂ ತಗಡಿನಿಂದ ಮಾಡಿದರು, ಮುಂದಿನ ಆಕ್ಸಲ್ಲಿಗೆ ಟೊಳ್ಳು ಕೊಳವೆ ಬಳಸಿದರು. ಒಟ್ಟು ಸೇರಿ ಐದು ಜನರ ಸೀರೀಸ್ 9 ಟೂರಿಂಗ್ ಕಾರಿನ ತೂಕ 2,280 ಪೌಂಡ್ ಮಾತ್ರ, ಅಂದರೆ ಸುಮಾರು 1,035 ಕಿಲೋ. ಇಂದಿನ ಸಾಧಾರಣ ಸೆಡಾನ್ ಕಾರುಗಳು ಕೂಡ ಇಷ್ಟು ಅಥವಾ ಇದಕ್ಕಿಂತ ಹೆಚ್ಚೇ ತೂಗುತ್ತವೆ.

ಸರಪಳಿಯ ಕೊನೆಯ ಕೊಂಡಿ ಟಯರು. ಆಗಿನ ಕಾಲದಲ್ಲಿ ಕಾರಿನ ಒಡೆಯನನ್ನು ಬಡವನನ್ನಾಗಿ ಮಾಡುತ್ತಿದ್ದದ್ದು ಪೆಟ್ರೋಲಿಗಿಂತ ಹೆಚ್ಚಾಗಿ ಟಯರುಗಳೇ. ಕೆಲವು ಸಾವಿರ ಮೈಲಿ ಓಡುವುದರೊಳಗೆ ಅವು ಸವೆದೋ ಸಿಡಿದೋ ಹೋಗುತ್ತಿದ್ದವು. ಫ್ರ್ಯಾಂಕ್ಲಿನ್ನಿನ ಜಾಹೀರಾತುಗಳು ಒಂದು ಸೆಟ್ ಟಯರಿಗೆ 12,500 ಮೈಲಿ, ಒಂದು ಗ್ಯಾಲನ್ ಪೆಟ್ರೋಲಿಗೆ 20 ಮೈಲಿ ಎಂದು ಲೆಕ್ಕ ಕೊಡುತ್ತಿದ್ದವು. ನಮ್ಮ ಅಳತೆಯಲ್ಲಿ ಸುಮಾರು 20,000 ಕಿಲೋಮೀಟರ್, ಲೀಟರಿಗೆ ಎಂಟೂವರೆ ಕಿಲೋಮೀಟರ್. ಹಗುರತನವನ್ನೇ ಅವರು ಮಾರಿದ್ದು. ಬೆಲೆ ಮಾತ್ರ ಹಗುರವಿರಲಿಲ್ಲ. 1917ರ ಹೊತ್ತಿಗೆ ಫೋರ್ಡಿನ ಟೂರಿಂಗ್ ಕಾರು 360 ಡಾಲರಿಗೆ ಸಿಗುತ್ತಿದ್ದಾಗ ಫ್ರ್ಯಾಂಕ್ಲಿನ್ನಿಗೆ 1,900 ಡಾಲರಿನ ಆಸುಪಾಸು ಕೊಡಬೇಕಿತ್ತು.

ನೀರಿಲ್ಲದ ಕಾರು ಬೇಸಿಗೆಯಲ್ಲಿ ಸುಟ್ಟುಹೋಗುತ್ತದೆ ಎಂಬ ಅನುಮಾನ ಜನರಿಗೆ ಕೊನೆಯವರೆಗೂ ಹೋಗಲಿಲ್ಲ. ಅದಕ್ಕೆ ಕಂಪನಿ ಮಾತಿನಿಂದಲ್ಲ, ರಸ್ತೆಯಿಂದಲೇ ಉತ್ತರ ಕೊಟ್ಟಿತು. 1903ರಲ್ಲಿ ಮೊದಲ ಬಾರಿಗೆ ಕಾರೊಂದು ಅಮೆರಿಕ ಖಂಡವನ್ನು ದಾಟಿದಾಗ 63 ದಿನ ಹಿಡಿದಿತ್ತು. ಮರುವರ್ಷವೇ ಎಲ್. ಎಲ್. ವಿಟ್ಮನ್ ಮತ್ತು ಸಿ. ಎಸ್. ಕ್ಯಾರಿಸ್ ಸಣ್ಣದೊಂದು ಫ್ರ್ಯಾಂಕ್ಲಿನ್ನಿನಲ್ಲಿ ಆಗಸ್ಟಿನ ಬಿಸಿಲಿಗೆ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ನೆವಾಡಾದ ಮರುಭೂಮಿ ದಾಟಿ, 33 ದಿನಕ್ಕೂ ಕಡಿಮೆ ಅವಧಿಯಲ್ಲಿ ನ್ಯೂಯಾರ್ಕ್ ಸೇರಿದರು. ಅಲ್ಲಿ ರಸ್ತೆ ಎಂಬುದೇ ಇರದ ನೂರಾರು ಮೈಲಿಗಳಿದ್ದವು, ಎಂಜಿನ್ನಿಗೆ ಹಾಕಲು ನೀರು ಸಿಗುವುದಂತೂ ದೂರದ ಮಾತು. 1906ರಲ್ಲಿ ವಿಟ್ಮನ್ ಆರು ಸಿಲಿಂಡರಿನ ಫ್ರ್ಯಾಂಕ್ಲಿನ್ ತೆಗೆದುಕೊಂಡು, ಚಾಲಕರು ಸರದಿಯಂತೆ ಹಗಲೂ ರಾತ್ರಿ ಓಡಿಸುತ್ತ ಅದೇ ದಾರಿಯನ್ನು 15 ದಿನ 2 ಗಂಟೆಗಳಲ್ಲಿ ಮುಗಿಸಿದರು. ನನಗೆ ಇವೆರಡಕ್ಕಿಂತ ಹೆಚ್ಚು ಇಷ್ಟವಾಗುವುದು 1914ರ ಪರೀಕ್ಷೆ. ದೇಶದ ಬೇರೆ ಬೇರೆ ಊರುಗಳ ವ್ಯಾಪಾರಿಗಳು ಫ್ರ್ಯಾಂಕ್ಲಿನ್ ಕಾರುಗಳನ್ನು ಮೊದಲ ಗೇರಿನಲ್ಲೇ, ಎಂಜಿನ್ ನಿಲ್ಲಿಸದೆ, 100 ಮೈಲಿ ಓಡಿಸಿದರು. ಮೊದಲ ಗೇರಿನಲ್ಲಿ ಎಂಜಿನ್ ಗಿರ್ರನೆ ತಿರುಗುತ್ತದೆ, ಕಾರು ಮಾತ್ರ ನಿಧಾನಕ್ಕೆ ಸಾಗುತ್ತದೆ, ಎದುರುಗಾಳಿಯ ಸಹಾಯವೇ ಇರುವುದಿಲ್ಲ. ಘಾಟಿ ಹತ್ತುವ ಬಸ್ಸುಗಳ ರೇಡಿಯೇಟರ್ ಕುದಿಯುವುದು ಇಂತಹ ಸ್ಥಿತಿಯಲ್ಲೇ. ಎಂಜಿನ್ನಿನ ತಂಪನ್ನು ಅಳೆಯಲು ಇದಕ್ಕಿಂತ ಕಠಿಣವೂ ಪ್ರಾಮಾಣಿಕವೂ ಆದ ಪರೀಕ್ಷೆ ನನಗೆ ತೋಚುವುದಿಲ್ಲ.

ಇದು ಎಲ್ಲರ ಕೈಗೆ ಬರುವ ವಿದ್ಯೆಯಲ್ಲ ಎಂಬುದನ್ನು ಜನರಲ್ ಮೋಟರ್ಸ್ ಬಲವಾದ ಪೆಟ್ಟು ತಿಂದು ಕಲಿತಿತು. ಕಾರಿಗೆ ವಿದ್ಯುತ್ ಸ್ಟಾರ್ಟರ್ ಕೊಟ್ಟ ಚಾರ್ಲ್ಸ್ ಕೆಟರಿಂಗ್ ಅಂತಹ ಮೇಧಾವಿ ತಾಮ್ರದ ರೆಕ್ಕೆಗಳ ಗಾಳಿ ಎಂಜಿನ್ನನ್ನು ರೂಪಿಸಿದ್ದರು. 1923ರಲ್ಲಿ ಆ ಎಂಜಿನ್ನಿನ, ಜನರಲ್ ಮೋಟರ್ಸ್‌ನದೇ ಆದ ಷೆವ್ರೊಲೆ ಕಾರುಗಳು 759 ತಯಾರಾಗುವುದರೊಳಗೆ ದೂರುಗಳು ಬಂದು, ಮಾರಿದ್ದನ್ನೆಲ್ಲ ವಾಪಸ್ ಕರೆಸಿಕೊಂಡು ಯೋಜನೆಯನ್ನೇ ಕೈಬಿಡಲಾಯಿತು. ಸಿರಕ್ಯೂಸಿನ ಸಣ್ಣ ಕಾರ್ಖಾನೆ ಅದೇ ಕೆಲಸವನ್ನು 20 ವರ್ಷದಿಂದ ಮಾಡುತ್ತಿತ್ತು.

ಹಾಗಿದ್ದೂ ವಿಲ್ಕಿನ್‌ಸನ್ ತಮ್ಮದೇ ಮನೆಯಲ್ಲಿ ಸೋತರು, ಅದೂ ಮುಖದ ವಿಚಾರಕ್ಕೆ. ಕಾರಿನ ರೇಡಿಯೇಟರ್ ಹುಟ್ಟಿದ್ದು ನೀರು ತಣಿಸುವುದಕ್ಕೆ. ಆದರೆ 1920ರ ದಶಕಕ್ಕೆ ಬರುವಷ್ಟರಲ್ಲಿ ಅದು ಅಂತಸ್ತಿನ ಗುರುತಾಗಿ ಬದಲಾಗಿತ್ತು. ದುಬಾರಿ ಪ್ಯಾಕಾರ್ಡ್ ಕಾರು ಎಂದು ದೂರದಿಂದಲೇ ತಿಳಿಯುತ್ತಿದ್ದದ್ದು ಅದರ ರೇಡಿಯೇಟರಿನ ಆಕಾರದಿಂದ. ಫ್ರ್ಯಾಂಕ್ಲಿನ್ ತನ್ನ ಇಳಿಜಾರು ಮೂಗನ್ನು ಬಿಟ್ಟು ಕುದುರೆಯ ಕೊರಳಪಟ್ಟಿಯಂತಹ ಅಂಚಿನ ಬಾನೆಟ್ಟಿಗೆ ಬದಲಾದರೂ ಜನ ಒಪ್ಪಲಿಲ್ಲ. ಇಷ್ಟು ದುಡ್ಡು ಕೊಟ್ಟು ಈ ಮುಖದ ಕಾರನ್ನು ಕೊಳ್ಳುವವರಾರು ಎಂದು ವ್ಯಾಪಾರಿಗಳು ತಿರುಗಿಬಿದ್ದರು. ಬೇರೆ ಕಾರುಗಳಂತೆ ಕಾಣುವ ಕಾರು ಕೊಡಿ, ಇಲ್ಲದಿದ್ದರೆ ನಿಮ್ಮ ಮಾರಾಟವನ್ನೇ ಬಿಡುತ್ತೇವೆ ಎಂಬುದು ಅವರ ಪಟ್ಟು. ಹರ್ಬರ್ಟ್ ಫ್ರ್ಯಾಂಕ್ಲಿನ್ ಒಪ್ಪಿದರು. ಲೋಕೋಮೊಬೀಲ್ ಕಾರುಗಳಿಗೆ ಹಿಂದೆ ಮೈ ರೂಪಿಸಿದ್ದ ಫ್ರಾಂಕ್ ಡಿ ಕಾಸ್ ಅವರನ್ನು ಕರೆಸಲಾಯಿತು. 1925ರ ಸೀರೀಸ್ 11 ಕಾರಿನ ಮುಂದೆ ಅಂದವಾದ, ಹೊಳೆಯುವ ರೇಡಿಯೇಟರ್ ಮುಖವೊಂದು ಬಂತು. ಅದರ ಹಿಂದೆ ರೇಡಿಯೇಟರ್ ಇರಲಿಲ್ಲ.

ವಿಲ್ಕಿನ್‌ಸನ್ ಇದನ್ನು ಸಹಿಸಲಿಲ್ಲ. 1924ರಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ತಾನು ಬೇಡವೆಂದು ತೆಗೆದುಹಾಕಿದ ವಸ್ತುವಿನ ಸುಳ್ಳು ಪ್ರತಿಮೆಯನ್ನು ತನ್ನದೇ ಕಾರಿಗೆ ಅಂಟಿಸುವುದನ್ನು ಆತ ಹೇಗೆ ನೋಡಿಯಾರು? ಆದರೆ ವ್ಯಾಪಾರಿಗಳ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ಹೊಸ ಮುಖದ ಕಾರು ನಿಜಕ್ಕೂ ಸುಂದರವಾಗಿತ್ತು, ಜನ ಕೊಂಡರು. ಅಟ್ಲಾಂಟಿಕ್ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಬಳಿ ಫ್ರ್ಯಾಂಕ್ಲಿನ್ ಇತ್ತು. ಆತನ ವಿಮಾನದ ಎಂಜಿನ್ನೂ ಗಾಳಿಯಿಂದಲೇ ತಂಪಾಗುತ್ತಿತ್ತು, ಕಂಪನಿ 1928ರಲ್ಲಿ ತನ್ನ ಮಾದರಿಗೆ ‘ಏರ್‌ಮನ್’ ಎಂದು ಹೆಸರಿಟ್ಟಿತು. 1929ರಲ್ಲಿ 14 ಸಾವಿರಕ್ಕೂ ಹೆಚ್ಚು ಕಾರುಗಳು ತಯಾರಾದವು, ಅದು ಕಂಪನಿಯ ಶಿಖರ. ಅದೇ ವರ್ಷದ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು.

ಉಳಿದದ್ದನ್ನು ಬೇಗ ಹೇಳಿ ಮುಗಿಸಬಹುದು. ಸಾಲ ಕೊಟ್ಟ ಬ್ಯಾಂಕುಗಳು ಆಡಳಿತವನ್ನು ಕೈಗೆ ತೆಗೆದುಕೊಂಡವು. 1932ರಲ್ಲಿ 12 ಸಿಲಿಂಡರುಗಳ ದೈತ್ಯ ಫ್ರ್ಯಾಂಕ್ಲಿನ್ ಬಂತು, 150 ಅಶ್ವಶಕ್ತಿಯದು. ಎಂಜಿನ್ ಅದ್ಭುತ, ಆದರೆ ಮರದ ಚಾಸಿಯೂ ಇಲ್ಲ, ಅಂಡಾಕಾರದ ಸ್ಪ್ರಿಂಗೂ ಇಲ್ಲ, ತೂಕ ಸೀರೀಸ್ 9 ಟೂರಿಂಗ್ ಕಾರಿನ ಎರಡು ಪಟ್ಟಿಗೂ ಹೆಚ್ಚು. ನೀರನ್ನು ಬಿಟ್ಟದ್ದು ಯಾಕೆಂಬುದೇ ಆ ಕಾರಿಗೆ ಮರೆತುಹೋಗಿತ್ತು. ಸುಮಾರು 200 ಮಾತ್ರ ತಯಾರಾದವು. 1934ರ ಏಪ್ರಿಲಿನಲ್ಲಿ ಕಂಪನಿ ದಿವಾಳಿಯಾಯಿತು.

ಎಂಜಿನ್ ಮಾತ್ರ ಸಾಯಲಿಲ್ಲ. ಕಂಪನಿಯ ಹಳೆಯ ಎಂಜಿನಿಯರುಗಳು ಫ್ರ್ಯಾಂಕ್ಲಿನ್ ಹೆಸರನ್ನೂ ವಿದ್ಯೆಯನ್ನೂ ಉಳಿಸಿಕೊಂಡು ಅದೇ ಊರಿನಲ್ಲಿ ವಿಮಾನಗಳಿಗೆ ಎಂಜಿನ್ ಮಾಡತೊಡಗಿದರು. ಗುಳ್ಳೆಯಂತಹ ಗಾಜಿನ ಮೂತಿಯ ಬೆಲ್ 47 ಹೆಲಿಕಾಪ್ಟರಿನ ಆರಂಭದ ಮಾದರಿಗಳನ್ನು ಎತ್ತಿದ್ದು ಫ್ರ್ಯಾಂಕ್ಲಿನ್ ಎಂಜಿನ್ನುಗಳೇ. 1975ರಲ್ಲಿ ಆ ಎಂಜಿನ್ನುಗಳ ಹಕ್ಕುಗಳು ಪೋಲೆಂಡಿಗೆ ಮಾರಾಟವಾದವು. ಕಾರುಗಳ ವಿಷಯಕ್ಕೆ ಬಂದರೆ, 1951ರಲ್ಲಿ ಹುಟ್ಟಿದ ಎಚ್. ಎಚ್. ಫ್ರ್ಯಾಂಕ್ಲಿನ್ ಕ್ಲಬ್ಬಿನ ಸದಸ್ಯರು ವರ್ಷಕ್ಕೊಮ್ಮೆ ಸೇರಿ, ಉಳಿದಿರುವ ಕಾರುಗಳನ್ನು ಇಂದಿಗೂ ರಸ್ತೆಗಿಳಿಸುತ್ತಾರೆ.

ಇನ್ನೊಂದೇ ಒಂದು ಸಲ ಫ್ರ್ಯಾಂಕ್ಲಿನ್ ಎಂಜಿನ್ ಕಾರಿನೊಳಗೆ ಬಂತು. 1947ರಲ್ಲಿ ಪ್ರೆಸ್ಟನ್ ಟಕ್ಕರ್ ತನ್ನ ಕನಸಿನ ಕಾರಿಗೆ ಎಂಜಿನ್ ಹುಡುಕುತ್ತ ಸಿರಕ್ಯೂಸಿಗೆ ಬಂದು ಆ ಎಂಜಿನ್ ಕಂಪನಿಯನ್ನೇ ಕೊಂಡುಕೊಂಡ. ಹೆಲಿಕಾಪ್ಟರಿನ ಆರು ಸಿಲಿಂಡರ್ ಎಂಜಿನ್ ಆತನಿಗೆ ತುಂಬ ಹಿಡಿಸಿತು. ಅದು ಗಾಳಿಯಿಂದ ತಂಪಾಗುತ್ತಿತ್ತು. ಟಕ್ಕರನ ಎಂಜಿನಿಯರುಗಳು ಅದರ ರೆಕ್ಕೆಗಳ ಜಾಗದಲ್ಲಿ ನೀರಿನ ಗೋಡೆ ಕಟ್ಟಿ, ಕೊಳವೆ ಜೋಡಿಸಿ, ರೇಡಿಯೇಟರ್ ಇಟ್ಟರು. ಅಂತಹ 51 ಕಾರುಗಳು ತಯಾರಾದವು. ಜಾನ್ ವಿಲ್ಕಿನ್‌ಸನ್ ಆಗ ಇನ್ನೂ ಬದುಕಿದ್ದರು.